ಎಣಿಸಿದ ಕುರಿಗಾಹಿ



ಯೇಸುಸ್ವಾಮಿ ಹೇಳಿದ ಸಾಮತಿಯಲ್ಲಿ (ಲೂಕ 15) ನೂರರಲ್ಲಿ ಒಂದು ಕುರಿ ಕಳೆದದ್ದು ಕುರಿಗಾಹಿಗೆ ತಿಳಿದದ್ದು ಹೇಗೆ? ಎಣಿಸಿದ್ದರಿಂದ. ಶಾಲೆಯ ಸಮೀಕ್ಷೆಯೂ ಅಂಥದೇ ಎಣಿಕೆ.

2005ರಲ್ಲಿ ಆರಂಭವಾದ 'ಅಸರ್' ಸಮೀಕ್ಷೆಯವರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಅಕ್ಷರದಿಂದ ಎರಡನೇ ತರಗತಿಯ ಪಾಠದವರೆಗೆ ಮಕ್ಕಳಿಂದ ಓದಿಸುತ್ತಾರೆ. ಹಾಜರಿ ಪುಸ್ತಕ ಹೇಳದ್ದನ್ನು ಆ ಓದು ಹೇಳುತ್ತದೆ.

ಚೀಕಲಪರ್ವಿಯಂಥ ನಮ್ಮೂರುಗಳಲ್ಲೂ ಕೇಳೋಣ: ಹತ್ತಿ ಬಿಡಿಸುವಾಗ, ಗುಳೆ ಹೋದಾಗ ಯಾವ ಮಗು ಶಾಲೆ ತಪ್ಪಿಸಿತು? ಬರುವ ಮಗುವಿಗೆ ಓದಲು ಬರುತ್ತದೆಯೇ? ಶಾಲಾಭಿವೃದ್ಧಿ ಸಮಿತಿಯಲ್ಲಿರುವ ಪಾಲಕರು ಮುಂದಿನ ವರ್ಷವೂ ಇವೇ ಪ್ರಶ್ನೆಗಳನ್ನು ಕೇಳಲಿ. ಆಗಲೇ ಸುಧಾರಣೆ ಆಯಿತೋ ಇಲ್ಲವೋ ತಿಳಿಯುವುದು.

ಉತ್ತರ ಸಿಕ್ಕಿತೆಂದು ಶಿಕ್ಷಕರನ್ನು ದೂರುತ್ತ ಕೂರುವುದು ಬೇಡ. ಕುರಿಗಾಹಿ ಎಣಿಸಿ ಸುಮ್ಮನಾಗಲಿಲ್ಲ, ಹುಡುಕಿಕೊಂಡು ಹೋದನು.