ಶಕ್ತಿಯ ಅಳತೆ

ರಾಷ್ಟ್ರವೊಂದರ ಶಕ್ತಿಸಂಪತ್ತನ್ನು ಕುರಿತು ಹೇಳುವಾಗ ಇಷ್ಟು ಮೆಗಾವಾಟ್ ವಿದ್ಯುತ್ತು, ಇಷ್ಟು ಟನ್ನು ಕಲ್ಲಿದ್ದಲು ಎಂದು ಎಣಿಸುವುದು ವಾಡಿಕೆ. ಎಷ್ಟು ಎಂಬುದನ್ನು ಈ ಸಂಖ್ಯೆಗಳು ತಿಳಿಸುತ್ತವೆ. ಯಾರಿಗೆ, ಯಾವ ಬೆಲೆ ತೆತ್ತು, ಎಷ್ಟು ಕಾಲ ಎಂಬುದನ್ನು ತಿಳಿಸಲಾರವು.

ಅಳತೆಗೋಲು ಸರಿಯಿಲ್ಲದಿದ್ದರೆ ಕತ್ತಲೆಯೂ ಬೆಳಕೆನಿಸಿಕೊಳ್ಳಬಹುದು. ಭಾರತದಲ್ಲಿ 1997ರವರೆಗೆ ಗ್ರಾಮದ ಎಲ್ಲೆಯೊಳಗೆ ಯಾವ ಉದ್ದೇಶಕ್ಕಾದರೂ ವಿದ್ಯುತ್ತು ಬಳಕೆಯಾದರೆ ಅದನ್ನು ವಿದ್ಯುತ್ ಪಡೆದ ಗ್ರಾಮವೆಂದು ಪರಿಗಣಿಸಲಾಗುತ್ತಿತ್ತು. ಹೊಲದಲ್ಲಿ ಒಂದು ಪಂಪು ನಡೆದರೆ ಸಾಕು. ಒಂದು ಮನೆಯಲ್ಲಿಯೂ ದೀಪವಿರಬೇಕೆಂಬ ನಿಯಮವಿರಲಿಲ್ಲ! 2004ರಲ್ಲಿ ಶಾಲೆ, ಪಂಚಾಯತಿ ಕಚೇರಿ ಮೊದಲಾದ ಸ್ಥಳಗಳಿಗೂ, ಶೇಕಡಾ 10ರಷ್ಟು ಮನೆಗಳಿಗಾದರೂ ವಿದ್ಯುತ್ತು ದೊರೆತಿರಬೇಕೆಂದು ವಿಧಿಸಲಾಯಿತು. ಉಳಿದ ಶೇಕಡಾ 90ರಷ್ಟು ಮನೆಗಳ ಮಾತು ಆಗಲೂ ಉಳಿದೇ ಇತ್ತು.

ಇದಕ್ಕಿಂತ ಬಹು ಮೊದಲೇ ಬೇರೊಂದು ಬಗೆಯ ಲೆಕ್ಕ ನಡೆದಿತ್ತು. 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿಯವರೂ ಅವರ ಸಂಗಡಿಗರೂ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯ ಶಕ್ತಿಬಳಕೆಯನ್ನು ಮನೆಮನೆಗೆ ಹೋಗಿ ಅಳೆದರು. ಸೌದೆ, ಸೀಮೆಎಣ್ಣೆ, ವಿದ್ಯುತ್ತುಗಳೊಡನೆ ಎತ್ತುಗಳ ದುಡಿಮೆಯನ್ನೂ, ನೀರು ಹೊತ್ತು ಸೌದೆ ಆಯುವ ಹೆಂಗಸರು ಮತ್ತು ಮಕ್ಕಳ ದುಡಿಮೆಯನ್ನೂ ಒಂದೇ ಮಾನದಿಂದ ಎಣಿಸಿದರು. ಅಲ್ಲಿ ಸೌದೆಯದೇ ಸಿಂಹಪಾಲು; ವಿದ್ಯುತ್ತಿನ ಪಾಲು ತೀರ ಅಲ್ಪ. ಮೆಗಾವಾಟುಗಳ ಎಣಿಕೆಗೆ ಸಿಕ್ಕದಿದ್ದ ತಲೆಹೊರೆ ಅಂಕಿಗಳಲ್ಲಿ ಮೂಡಿತು. ಆ ಅರಿವಿನ ಫಲವಾಗಿ 1987ರಿಂದ ಅದೇ ಹಳ್ಳಿಯಲ್ಲಿ ಸಗಣಿಯ ಅನಿಲವನ್ನು ಬಳಸಿ ಯಂತ್ರ ನಡೆಸಿ, ಕೊಳವೆಬಾವಿಯ ನೀರೆತ್ತಿ, ದೀಪಗಳನ್ನು ಉರಿಸಲಾಯಿತು.

ಮುಂದಿನ ಪೀಳಿಗೆಯ ಪಾಲನ್ನು ಕಸಿಯದೆ ಇಂದಿನ ಅಗತ್ಯವನ್ನು ಪೂರೈಸುವುದೇ ಸುಸ್ಥಿರ ಅಭಿವೃದ್ಧಿ. ರಾಷ್ಟ್ರಗಳ ಮಟ್ಟದಲ್ಲಿ ಇದನ್ನು ಅಳೆಯಲು 2005ರಲ್ಲಿ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು ಇತರ ಸಂಸ್ಥೆಗಳೊಡಗೂಡಿ 30 ಸೂಚಕಗಳನ್ನು ಪ್ರಕಟಿಸಿತು. ಅವುಗಳಲ್ಲಿ 4 ಸಾಮಾಜಿಕ, 16 ಆರ್ಥಿಕ, 10 ಪರಿಸರಕ್ಕೆ ಸಂಬಂಧಿಸಿದವು. ವಿದ್ಯುತ್ತಿಲ್ಲದ ಮನೆಗಳೆಷ್ಟು, ಆದಾಯದಲ್ಲಿ ಇಂಧನಕ್ಕೆ ವ್ಯಯವಾಗುವ ಭಾಗವೆಷ್ಟು, ಹೊರದೇಶದ ಇಂಧನವನ್ನು ನೆಚ್ಚಿರುವುದು ಎಷ್ಟರಮಟ್ಟಿಗೆ, ಇಂಧನಕ್ಕಾಗಿ ನಾಶವಾದ ಕಾಡೆಷ್ಟು ಎಂಬವು ಅವುಗಳಲ್ಲಿ ಕೆಲವು.

ಈ ಸೂಚಕಗಳು ಒಂದರೊಡನೊಂದು ಸೆಣಸುವುದೂ ಉಂಟು. ಹೊಸ ಕಲ್ಲಿದ್ದಲು ಸ್ಥಾವರದಿಂದ ಕತ್ತಲ ಮನೆಗಳು ಕಡಿಮೆಯಾಗಬಹುದು. ಗಾಳಿಗೆ ಸೇರುವ ಹೊಗೆ ಹೆಚ್ಚುತ್ತದೆ. ಎಲ್ಲವನ್ನೂ ಕೂಡಿಸಿ ಒಂದೇ ಅಂಕವನ್ನಾಗಿಸಿದರೆ ಈ ಸೆಣಸು ಮರೆಯಾಗುತ್ತದೆ. ಆದುದರಿಂದ ಆ ಸಂಸ್ಥೆಗಳು ಸೂಚಕಗಳನ್ನು ಬೇರೆಬೇರೆಯಾಗಿಯೇ ಇರಿಸಿ, ತನ್ನ ಸ್ಥಿತಿಗೆ ತಕ್ಕವನ್ನು ಆರಿಸಿಕೊಂಡು ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡುವ ಹೊಣೆಯನ್ನು ಆಯಾ ದೇಶಕ್ಕೇ ಬಿಟ್ಟವು.