ಎರಡನೆಯ ಕಿವಿಯ ಕೆಲಸ

ರಾಬರ್ಟ್‌ಸನ್‌ಪೇಟೆಯ ಹಿರಿಯರಿಗೆ ಬಂಡೆ ಸಿಡಿತವೆಂದರೇನೆಂದು ವಿವರಿಸಬೇಕಾಗಿಲ್ಲ. 2001ರಲ್ಲಿ ಮುಚ್ಚಿದ ಇಲ್ಲಿಯ ಚಿನ್ನದ ಗಣಿಗಳು ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದಿದ್ದುವು. ಅಲ್ಲಿ ಒತ್ತಡ ತಾಳದೆ ಬಂಡೆ ಸಿಡಿದಾಗ ಮೇಲಿನ ಮನೆಗಳೂ ನಡುಗುತ್ತಿದ್ದುವು. ಸಿಡಿತದ ಸ್ಥಾನವನ್ನು ತಿಳಿಯಲು ಹಲವೆಡೆ ಕಂಪನಗ್ರಾಹಿಗಳನ್ನು ಇಟ್ಟಿದ್ದರು. ಒಂದೇ ಗ್ರಾಹಿಯಿದ್ದರೆ ಬಂಡೆ ಸಿಡಿಯಿತೆಂದು ತಿಳಿದೀತು. ಎಲ್ಲಿ ಎಂಬುದು ತಿಳಿಯದು. ಅಲೆಯು ಒಂದನ್ನು ಮೊದಲೂ ಮತ್ತೊಂದನ್ನು ತುಸು ತಡವಾಗಿಯೂ ತಲಪುತ್ತದೆಯಷ್ಟೆ. ಆ ಅಂತರದಿಂದಲೇ ಸ್ಥಾನದ ಲೆಕ್ಕ.

ನಮ್ಮ ಕಿವಿಗಳ ಉಪಾಯವೂ ಇದೇ. ಬಲದಿಂದ ಬಂದ ಶಬ್ದವು ತಲೆಯನ್ನು ಬಳಸಿ ಎಡಗಿವಿಗೆ ಹೋಗಲು ಸುಮಾರು 22 ಸೆಂಟಿಮೀಟರ್ ಹೆಚ್ಚು ಸಾಗಬೇಕು. ಶಬ್ದದ ವೇಗ ಸೆಕೆಂಡಿಗೆ 340 ಮೀಟರ್ ಎಂದಿಟ್ಟುಕೊಂಡರೆ, ತಡವಾಗುವುದು 0.65 ಮಿಲಿಸೆಕೆಂಡ್. ಇಷ್ಟು ಅಲ್ಪ ಕಾಲವನ್ನು ಮಿದುಳು ಅಳೆಯಬಲ್ಲುದು! ಇದಲ್ಲದೆ ತಲೆಯ ನೆರಳೂ ಉಂಟು. ಸೆಕೆಂಡಿಗೆ 200 ಕಂಪನಗಳ ಶಬ್ದದ ಅಲೆಯುದ್ದ 1.7 ಮೀಟರ್, ಅದು ತಲೆಯನ್ನು ಸುಲಭವಾಗಿ ಬಳಸಿ ಹೋಗುತ್ತದೆ. 3,400 ಕಂಪನಗಳ ಅಲೆ 10 ಸೆಂಟಿಮೀಟರ್ ಮಾತ್ರ. ಅದನ್ನು ತಲೆ ತಡೆಯುತ್ತದೆ. ಸ, ಶ ಮೊದಲಾದ ವ್ಯಂಜನಗಳ ಗುರುತು ಇಂಥ ಸಣ್ಣ ಅಲೆಗಳಲ್ಲಿಯೇ ಇರುವುದು. ವಾಚಕರು ಕಣ್ಣು ಮುಚ್ಚಿ, ಒಂದು ಕಿವಿಯನ್ನು ಬೆರಳಿನಿಂದ ಬಿಗಿಯಾಗಿ ಒತ್ತಿಕೊಂಡು, ಗೆಳೆಯನು ಸದ್ದುಮಾಡುವ ನಾಣ್ಯ ಯಾವ ದಿಕ್ಕಿನಲ್ಲಿದೆಯೆಂದು ಹೇಳಲು ಯತ್ನಿಸಲಿ.

ಒಂದು ಕಿವಿ ಹುಟ್ಟಿನಿಂದಲೇ ಕೇಳದ ಮಗು ಈ ಸ್ಥಿತಿಯಲ್ಲಿಯೇ ಬೆಳೆಯುತ್ತದೆ. ಕರೆದರೆ ಓಗೊಡುತ್ತದೆ, ಮಾತು ಕಲಿಯುತ್ತದೆ. ಆದುದರಿಂದ ಮನೆಯವರಿಗೆ ಸಂದೇಹವೇ ಬಾರದು. ಗದ್ದಲದ ತರಗತಿಯಲ್ಲಿ ಅದು ಮಾತು ತಪ್ಪಿಸಿಕೊಂಡಾಗ ಉಪಾಧ್ಯಾಯರು ‘ಗಮನವಿಲ್ಲದ ಹುಡುಗ’ ಎನ್ನುತ್ತಾರೆ. ಎಷ್ಟೋ ವೇಳೆ ಟೆಲಿಫೋನನ್ನು ಆ ಕಿವಿಗೆ ಹಿಡಿದ ದಿನವೇ ಗುಟ್ಟು ಹೊರಬೀಳುವುದು. ಹಸುಗೂಸಿನಲ್ಲಿಯೇ ಒಂದೊಂದು ಕಿವಿಯನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವ ಉಪಕರಣಗಳಿವೆ. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆಗಳಲ್ಲಿ ಈ ಪರೀಕ್ಷೆ ನಡೆಯುತ್ತದೆ.

ಇನ್ನು ಚಿಕಿತ್ಸೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯಾ ಎಂಬ ನಾಳವಿದೆ. ಅದರ ಬುಡ ಕೀರಲು ಸ್ವರಗಳಿಗೂ ತುದಿ ಮಂದ್ರ ಸ್ವರಗಳಿಗೂ ಸ್ಪಂದಿಸುತ್ತದೆ. ಅಲ್ಲಿಯ ರೋಮಕೋಶಗಳು ಕಂಪನವನ್ನು ವಿದ್ಯುತ್ ಸಂಕೇತವಾಗಿಸಿ ನರಕ್ಕೆ ಒಪ್ಪಿಸುವುವು. ಆ ಕೋಶಗಳೇ ಕೆಟ್ಟಿದ್ದರೆ ಶಬ್ದವನ್ನು ಎಷ್ಟು ಹಿಗ್ಗಿಸಿದರೂ ಫಲ ಕಡಮೆ. ಕಾಕ್ಲಿಯರ್ ಇಂಪ್ಲಾಂಟ್ ಅವುಗಳನ್ನು ದಾಟಿ ಹೋಗುತ್ತದೆ: ಹೊರಗಿನ ಮೈಕ್ರೊಫೋನ್ ಶಬ್ದ ಹಿಡಿಯುತ್ತದೆ, ಸಂಸ್ಕಾರಕವು ಅದನ್ನು ಸ್ವರಪಟ್ಟಿಗಳಾಗಿ ವಿಭಜಿಸುತ್ತದೆ, ರೇಡಿಯೋ ಅಲೆಯ ಮೂಲಕ ಚರ್ಮದಾಚೆಗೆ ಹೋದ ಸಂಕೇತವು ಕಾಕ್ಲಿಯಾದೊಳಗಿನ ಹನ್ನೆರಡೋ ಇಪ್ಪತ್ತೆರಡೋ ವಿದ್ಯುದ್ದ್ವಾರಗಳಿಂದ ನರವನ್ನು ನೇರವಾಗಿ ಚೋದಿಸುತ್ತದೆ. ಸಾವಿರಾರು ರೋಮಕೋಶಗಳ ಜಾಗದಲ್ಲಿ ಇಷ್ಟೇ! ಈ ಒರಟು ಶಬ್ದವನ್ನು ಒಳ್ಳೆಯ ಕಿವಿಯದರೊಡನೆ ಬೆಸೆಯಲು ಮಿದುಳು ಕಲಿಯಬೇಕು. ತಡವಾದಷ್ಟೂ ಮಿದುಳಿನ ಶ್ರವಣಕ್ಷೇತ್ರವನ್ನು ಒಳ್ಳೆಯ ಕಿವಿಯೇ ಹೆಚ್ಚುಹೆಚ್ಚಾಗಿ ಆಕ್ರಮಿಸುವುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಒಂದೇ ಕಿವಿಯ ಕಿವುಡಿಗೆ ಇದನ್ನು ಮೊದಲು ಒಪ್ಪಿದುದು 2019ರಲ್ಲಿ, ಐದು ವರ್ಷ ತುಂಬಿದವರಿಗೆ.

ಆದರೆ ಹುಟ್ಟು ಕಿವುಡಿನ ಇಂಥ ಮಕ್ಕಳಲ್ಲಿ ಅನೇಕರಿಗೆ ಆ ಬದಿಯ ಶ್ರವಣನರವೇ ಇರುವುದಿಲ್ಲ, ಇಲ್ಲವೆ ತೀರ ಸಣಕಲಾಗಿರುತ್ತದೆ. ತಂತಿಯೇ ಇಲ್ಲದಲ್ಲಿ ತಂತಿಸಂದೇಶ ಹೋಗುವುದೆಂತು? ಎಂ.ಆರ್.ಐ. ಚಿತ್ರ ನೋಡದೆ ಆಸೆ ಹುಟ್ಟಿಸುವುದು ತರವಲ್ಲವೆಂದು ನಮ್ಮ ಎಣಿಕೆ. ಅಂಥವರಿಗೆ ಕೇಳದ ಬದಿಯ ಶಬ್ದವನ್ನು ಕೇಳುವ ಕಿವಿಗೆ ರವಾನಿಸುವ ಸಾಧನವುಂಟು. ಅದು ನೆರಳನ್ನು ನೀಗುತ್ತದೆ, ದಿಕ್ಕನ್ನು ತಿಳಿಸದು. ತರಗತಿಯಲ್ಲಿ ಬಲಗಿವಿ ಕೇಳದವನನ್ನು ಮುಂದಿನ ಸಾಲಿನಲ್ಲಿ ಅವನ ಬಲಗಡೆಯ ಗೋಡೆಯ ಪಕ್ಕಕ್ಕೆ ಕೂರಿಸಿದರೆ ಎಡಗಿವಿ ಇಡೀ ತರಗತಿಯ ಕಡೆಗಿರುವುದು. ಇದಕ್ಕೆ ಕಾಸು ಖರ್ಚಿಲ್ಲ.