ಒಡೆದ ಥರ್ಮಾಮೀಟರು: ಹೊಸಹಳ್ಳಿಯ ಮನೆಗಳಿಗೊಂದು ಕಿವಿಮಾತು

ಜ್ವರ ನೋಡುವ ಗಾಜಿನ ಥರ್ಮಾಮೀಟರಿನೊಳಗಿನ ಪಾದರಸ ಸುಮಾರು ಒಂದು ಗ್ರಾಂ ಮಾತ್ರವಾದರೂ, ಸಾಮಾನ್ಯ ಉಷ್ಣಾಂಶದಲ್ಲಿ ದ್ರವವಾಗಿರುವ ಈ ಲೋಹವು ವಾಸನೆಯಿಲ್ಲದ ಆವಿಯಾಗಿಯೂ ಏಳುವುದರಿಂದ, ಬೆಂಗಳೂರಿನ ಹೊಸಹಳ್ಳಿಯ ವಠಾರಗಳಂಥ ಇಕ್ಕಟ್ಟಿನ ಮನೆಗಳಲ್ಲಿ ಅದನ್ನು ಕಡೆಗಣಿಸುವಂತಿಲ್ಲ. ನುಂಗಿದ ಹನಿಗಿಂತ ಉಸಿರಿನೊಡನೆ ಒಳಹೋಗುವ ಆವಿಯೇ ಹೆಚ್ಚು ಅಪಾಯಕಾರಿ. ಅದು ಶ್ವಾಸಕೋಶದಿಂದ ರಕ್ತಕ್ಕೆ ಸೇರಿ ನರಮಂಡಲವನ್ನೂ ಮೂತ್ರಪಿಂಡವನ್ನೂ ಬಾಧಿಸುತ್ತದೆ.

ಥರ್ಮಾಮೀಟರು ಒಡೆದರೆ ಮಕ್ಕಳನ್ನೂ ಗರ್ಭಿಣಿಯರನ್ನೂ ಹೊರಗೆ ಕಳುಹಿಸಿ, ಫ್ಯಾನು ಆರಿಸಿ, ಕಿಟಕಿ ತೆರೆದು, ಪಾದರಸವು ಚಿನ್ನದೊಡನೆ ಬೆರೆತು ಮಿಶ್ರಲೋಹವಾಗುವ ಕಾರಣ ಬಳೆ ಉಂಗುರಗಳನ್ನು ತೆಗೆದಿಟ್ಟು, ಕೈಗವಸು ತೊಡಬೇಕು. ಟಾರ್ಚಿನ ಬೆಳಕನ್ನು ನೆಲಕ್ಕೆ ಓರೆಯಾಗಿ ಹಾಯಿಸಿದರೆ ಟೈಲ್ಸಿನ ಸಂದಿಯಲ್ಲಿ ಅವಿತ ಗುಂಡುಗಳೂ ಹೊಳೆಯುತ್ತವೆ. ಅವನ್ನು ದಪ್ಪ ಕಾಗದದಿಂದ ಒಟ್ಟುಗೂಡಿಸಿ, ತೀರಾ ಸಣ್ಣವನ್ನು ಅಂಟುಟೇಪಿನಿಂದ ಎತ್ತಿ, ಬಿಗಿ ಮುಚ್ಚಳದ ಬಾಟಲಿಗೆ ಹಾಕಬೇಕು. ಪೊರಕೆ ಖಂಡಿತ ಬೇಡ, ಅದು ಗುಂಡುಗಳನ್ನು ಒಡೆದು ಆವಿಯನ್ನು ಹೆಚ್ಚಿಸುತ್ತದೆ.

ಸಿಂಕಿಗೆ ಸುರಿಯುವುದು ಇನ್ನೂ ಕೆಟ್ಟದ್ದು. ಈ ಭಾಗದ ಚರಂಡಿಗಳು ವೃಷಭಾವತಿ ಕಣಿವೆಗೆ ಹರಿಯುವುದರಿಂದ, ಅಲ್ಲಿನ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಪಾದರಸವನ್ನು ಮೀಥೈಲ್ ಪಾದರಸ, ಎಂದರೆ ಮೀನಿನ ಮೈಯಲ್ಲಿ ಶೇಖರವಾಗುವ ಇನ್ನೂ ಘೋರವಾದ ವಿಷವನ್ನಾಗಿ ಮಾರ್ಪಡಿಸಬಲ್ಲವು. 2016ರ ಘನತ್ಯಾಜ್ಯ ನಿಯಮಗಳು ಒಡೆದ ಥರ್ಮಾಮೀಟರನ್ನೂ, ಕೆಲವು ಮಿಲಿಗ್ರಾಂ ಪಾದರಸವಿರುವ ಸಿಎಫ್ಎಲ್ ಬಲ್ಬು, ಟ್ಯೂಬ್‌ಲೈಟುಗಳನ್ನೂ ಗೃಹ ಅಪಾಯಕಾರಿ ತ್ಯಾಜ್ಯವೆಂದು ಪ್ರತ್ಯೇಕಿಸಿದ್ದವು. ಆದ್ದರಿಂದ ಬಾಟಲಿಯ ಮೇಲೆ ‘ಪಾದರಸ’ ಎಂದು ಬರೆದು, ಹಸಿಕಸ ಒಣಕಸಗಳೊಡನೆ ಬೆರೆಸದೆ, ಕಸ ಒಯ್ಯುವ ಪೌರಕಾರ್ಮಿಕರಿಗೆ ಬಾಯಲ್ಲೂ ತಿಳಿಸಿ ಕೈಗೊಪ್ಪಿಸಬೇಕು.